ದಂಡ ಕಟ್ಟದಿದ್ದರೆ ಇನ್ನೊಂಬತ್ತು ತಿಂಗಳು: ತೀರ್ಪಿನ ಕೊನೆಯ ಪುಟದ ಬಗ್ಗೆ ಕೆಲವು ಪ್ರಶ್ನೆಗಳು

ಹೊಳೆಸಾಲು ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಕಾನೂನು ಓದಿದವನಲ್ಲ. ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಕ್ಕ ನಮ್ಮ ಮನೆಗೆ ಬಂದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಂಡಿದ್ದ ತೀರ್ಪಿನ ನಕಲನ್ನು ಜಗಲಿಯ ಮೇಲೆ ಹರಡಿ, "ಮೇಷ್ಟ್ರೇ, ಇನ್ನು ನಾಲ್ಕೇ ತಿಂಗಳು ಅಂದಿದ್ರು, ಈಗ ಜೈಲಲ್ಲಿ ಕೇಳಿದ್ರೆ ಅದಾದ ಮೇಲೂ ಒಂಬತ್ತು ತಿಂಗಳಿದೆ ಅಂತಾರೆ, ಎಲ್ಲಿ ಬರೆದಿದೆ ತೋರಿಸಿ" ಎಂದಳು. ಅವಳಿಗೆ ಓದು ಬರುತ್ತದೆ, ನಾನೇ ಕಲಿಸಿದ್ದೇನೆ. ಆದರೆ ಆ ಪುಟವನ್ನು ಮೂರು ಸಲ ಓದಿದರೂ ನನಗೇ ಅರ್ಥವಾಗಲಿಲ್ಲ.

ಹುಡುಗ ಮಾಡಿದ್ದು ತಪ್ಪೇ. ಜುಲೈ 2024ಕ್ಕೂ ಮುಂಚೆ, ಅಂದರೆ ಹಳೆಯ ದಂಡ ಸಂಹಿತೆ ಜಾರಿಯಲ್ಲಿದ್ದಾಗ, ರಾತ್ರಿ ಬೀಗ ಹಾಕಿದ ಮನೆಯೊಂದಕ್ಕೆ ನುಗ್ಗಿ ಒಂದು ತಾಮ್ರದ ಹಂಡೆ ಮತ್ತು ಗ್ಯಾಸ್ ಸಿಲಿಂಡರ್ ಕದ್ದ. ಜಾಮೀನು ಮಂಜೂರಾಗಿತ್ತು, ಆದರೆ ಪಹಣಿ ಹಿಡಿದುಕೊಂಡು ಬಂದು ಅವನಿಗೆ ಜಾಮೀನು ನಿಲ್ಲುವವರು ಯಾರೂ ಸಿಗಲಿಲ್ಲ. ಹೀಗಾಗಿ ವಿಚಾರಣೆ ಮುಗಿಯುವಷ್ಟರಲ್ಲಿ ಒಂದು ವರ್ಷ ಎಂಟು ತಿಂಗಳು ಒಳಗೇ ಕಳೆದಿದ್ದ. ಕೊನೆಗೆ ಬಂದ ಆದೇಶದ ಸಾರಾಂಶ ಇದು: ರಾತ್ರಿ ಮನೆಗನ್ನದ ಕಲಂ 457ರ ಅಪರಾಧಕ್ಕೆ ಎರಡು ವರ್ಷ ಕಠಿಣ ಸಜೆ ಮತ್ತು 10,000 ರೂಪಾಯಿ ದಂಡ, ದಂಡ ಕಟ್ಟಲು ತಪ್ಪಿದಲ್ಲಿ ಆರು ತಿಂಗಳ ಸಾದಾ ಸಜೆ, ಮನೆಯೊಳಗಿನ ಕಳವಿನ ಕಲಂ 380ಕ್ಕೆ ಒಂದು ವರ್ಷ ಕಠಿಣ ಸಜೆ ಮತ್ತು 5,000 ರೂಪಾಯಿ ದಂಡ, ತಪ್ಪಿದಲ್ಲಿ ಮೂರು ತಿಂಗಳ ಸಾದಾ ಸಜೆ, "ಸಜೆಗಳು ಏಕಕಾಲದಲ್ಲಿ ಜಾರಿಯಾಗತಕ್ಕದ್ದು", ಈಗಾಗಲೇ ಬಂಧನದಲ್ಲಿ ಕಳೆದ ಅವಧಿಯನ್ನು ವಜಾ ಮಾಡತಕ್ಕದ್ದು.

ಎರಡು ವರ್ಷದಲ್ಲಿ ಒಂದು ವರ್ಷ ಎಂಟು ತಿಂಗಳು ಕಳೆದರೆ ಉಳಿಯುವುದು ನಾಲ್ಕು ತಿಂಗಳು. ಆ ನಾಲ್ಕು ತಿಂಗಳೂ ಮುಗಿದು ಈಗ ನಲವತ್ತು ದಿನಗಳಾಗಿವೆ. ಏಕಕಾಲದಲ್ಲಿ ಎಂದು ಬರೆದ ಮೇಲೆ ಆರು ಮತ್ತು ಮೂರು ಕೂಡಿ ಒಂಬತ್ತು ಹೇಗಾಗುತ್ತದೆ? ಅಕ್ಕ ಕೂಡಿಟ್ಟ ನಾಲ್ಕು ಸಾವಿರ ರೂಪಾಯಿಯನ್ನು ಕಟ್ಟಿದರೆ ಏನಾದರೂ ಕಡಿಮೆಯಾಗುತ್ತದೆಯೇ, ಅಥವಾ ಪೂರ್ತಿ ಹದಿನೈದು ಸಾವಿರವನ್ನೂ ಒಟ್ಟಿಗೇ ಕಟ್ಟಬೇಕೇ? ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವ ಪ್ರಶ್ನೆ ಮತ್ತೊಂದಿದೆ. ಇಪ್ಪತ್ತು ತಿಂಗಳು ಜಾಮೀನುದಾರನೇ ಸಿಗದೆ ಒಳಗಿದ್ದವನು ಹದಿನೈದು ಸಾವಿರ ಕಟ್ಟುತ್ತಾನೆಂದು ಯಾರು, ಯಾವ ಆಧಾರದ ಮೇಲೆ ನಿರ್ಧರಿಸಿದರು?

ಕರಿಕೋಟು:

ಮೇಷ್ಟ್ರಿಗೆ ನಮಸ್ಕಾರಗಳು. ಇಪ್ಪತ್ತೆರಡು ವರ್ಷಗಳಿಂದ ತಾಲ್ಲೂಕು ನ್ಯಾಯಾಲಯವೊಂದರಲ್ಲಿ ಕ್ರಿಮಿನಲ್ ಪ್ರಕರಣಗಳನ್ನೇ ನಡೆಸುತ್ತಿದ್ದೇನೆ. ಜೈಲಿನವರು ಹೇಳಿದ್ದು ಲೆಕ್ಕದ ಪ್ರಕಾರ ಸರಿಯಾಗಿದೆ, ಆದರೆ ಅದನ್ನು ತೀರ್ಪಿನ ದಿನವೇ ಆ ಹೆಣ್ಣುಮಗಳಿಗೆ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ದಂಡ ಕಟ್ಟದಿದ್ದಕ್ಕೆ ಬರುವ ಸಜೆ ಬೇರೆಯೇ ಜಾತಿಯದು. ಅದು ಅಪರಾಧಕ್ಕೆ ಕೊಟ್ಟ ಶಿಕ್ಷೆಯಲ್ಲ, ದಂಡ ಪಾವತಿಸದೆ ಇದ್ದುದಕ್ಕೆ ಬರುವ ಪರಿಣಾಮ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಶಾಂತಿಲಾಲ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಈ ವ್ಯತ್ಯಾಸದಿಂದ ಎರಡು ಕಠಿಣ ಫಲಗಳು ಹುಟ್ಟುತ್ತವೆ. ಒಂದು, ವಿಚಾರಣಾಧೀನ ಬಂಧನದ ಅವಧಿಯನ್ನು ಶಿಕ್ಷೆಯಿಂದ ಕಳೆಯಲು ಅವಕಾಶ ಕೊಡುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 428, ದಂಡ ತಪ್ಪಿದ್ದಕ್ಕೆ ಬರುವ ಸಜೆಯನ್ನು ಹೆಸರಿಟ್ಟೇ ಹೊರಗಿಡುತ್ತದೆ; ಅದರ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 468ರಲ್ಲೂ ಅದೇ ಮಾತಿದೆ. ಎರಡು, ಇಂಥ ಸಜೆಗಳು ಮೂಲ ಶಿಕ್ಷೆಯೊಡನೆಯಾಗಲಿ, ಒಂದರೊಡನೊಂದಾಗಲಿ ಏಕಕಾಲದಲ್ಲಿ ಓಡಲಾರವು. 2018ರ ಶರದ್ ಹೀರು ಕೋಳಂಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಆದ್ದರಿಂದ ನಿಮ್ಮ ಆದೇಶದ "ಏಕಕಾಲದಲ್ಲಿ" ಎಂಬ ಪದ ಎರಡು ವರ್ಷ ಮತ್ತು ಒಂದು ವರ್ಷಕ್ಕೆ ಮಾತ್ರ ಅನ್ವಯ. ಆರು ಮತ್ತು ಮೂರು ತಿಂಗಳುಗಳು ಒಂದಾದ ಮೇಲೊಂದು ಬರುತ್ತವೆ.

ಇನ್ನು ನಾಲ್ಕು ಸಾವಿರದ ವಿಷಯ. ಅದು ವ್ಯರ್ಥವಾಗುವುದಿಲ್ಲ, ಮತ್ತು ಇದನ್ನು ಇಲ್ಲಿ ಓದುವ ಪ್ರತಿಯೊಬ್ಬರೂ ನೆನಪಿಡಬೇಕೆಂದು ಕೋರುತ್ತೇನೆ. ದಂಡ ಸಂಹಿತೆಯ ಕಲಂ 69ರ ಪ್ರಕಾರ, ಕಟ್ಟಿದ ಭಾಗಕ್ಕೆ ತಕ್ಕಂತೆ ಸಜೆಯೂ ಇಳಿಯುತ್ತದೆ. ಕಾಯ್ದೆಯಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ: ನೂರು ರೂಪಾಯಿ ದಂಡ, ತಪ್ಪಿದರೆ ನಾಲ್ಕು ತಿಂಗಳು, ಮೊದಲ ತಿಂಗಳು ಮುಗಿಯುವುದರೊಳಗೆ ಎಪ್ಪತ್ತೈದು ರೂಪಾಯಿ ಸಂದಾಯವಾದರೆ, ಆ ತಿಂಗಳು ತುಂಬಿದೊಡನೆ ಬಿಡುಗಡೆ. ನಿಮ್ಮ ಹುಡುಗನ ಆರು ತಿಂಗಳ ಅವಧಿಗೆ ನಾಲ್ಕು ಸಾವಿರ ಕಟ್ಟಿದರೆ ಉಳಿಯುವ ಆರು ಸಾವಿರಕ್ಕೆ ಸಲ್ಲುವುದು ಸುಮಾರು ನೂರೆಂಟು ದಿನ, ಅದರಲ್ಲಿ ನಲವತ್ತು ಆಗಲೇ ಕಳೆದಿವೆ. ಚಲನ್ ಮೂಲಕ ನ್ಯಾಯಾಲಯದಲ್ಲೇ ಕಟ್ಟಿ, ರಸೀದಿ ಪಡೆದು, ನ್ಯಾಯಾಲಯದಿಂದ ಕಾರಾಗೃಹಕ್ಕೆ ತಿಳಿವಳಿಕೆ ಪತ್ರ ಹೋಗುವವರೆಗೂ ಬೆನ್ನು ಬಿಡಬೇಡಿ. ಹಣ ಕಟ್ಟಿಯೂ ಪತ್ರ ತಲುಪದೆ ದಿನಗಟ್ಟಲೆ ಒಳಗುಳಿದವರನ್ನು ನಾನು ಕಂಡಿದ್ದೇನೆ.

ಕಂತಿನ ಸೌಲಭ್ಯದ ಬಗ್ಗೆ ಯಾರಾದರೂ ಹೇಳಿದರೆ, ಅದು ಬರೀ ದಂಡದ ಶಿಕ್ಷೆಯಾದವರಿಗೆ ಮಾತ್ರ. ಮೂವತ್ತು ದಿನಗಳ ಕಾಲಾವಕಾಶ, ಎರಡು ಮೂರು ಕಂತು, ಇವೆಲ್ಲ ಸಜೆಯೂ ದಂಡವೂ ಕೂಡಿ ಬಂದವರಿಗೆ ಸಿಗುವುದಿಲ್ಲ.

ನಿವೃತ್ತ ಅಭಿಯೋಜಕ:

ಚರ್ಚೆಯನ್ನು ಓದಿದೆ. ಮೇಷ್ಟ್ರ ಅಂತಃಕರಣವನ್ನು ಗೌರವಿಸುತ್ತೇನೆ. ಆದರೆ ಸರ್ಕಾರದ ಪರವಾಗಿ ಬಹುಕಾಲ ವಾದಿಸಿದವನಾಗಿ ನಾಣ್ಯದ ಇನ್ನೊಂದು ಮುಖವನ್ನೂ ಇಲ್ಲಿಡಬೇಕಾಗಿದೆ. ದಂಡ ತಪ್ಪಿದರೆ ಸಜೆ ಎಂಬ ಬೆದರಿಕೆ ಇಲ್ಲದಿದ್ದರೆ ದಂಡ ಕಟ್ಟುವವರೇ ಇರುವುದಿಲ್ಲ. ಚರಾಸ್ತಿ ಜಪ್ತಿ ಮಾಡಬಹುದು, ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು ಎಂದು ಕಾನೂನಿನಲ್ಲಿದೆ. ಐದು ಸಾವಿರ ರೂಪಾಯಿಗಾಗಿ ಆ ಯಂತ್ರವನ್ನು ಯಾರೂ ತಿರುಗಿಸುವುದಿಲ್ಲ.

ಶಿಕ್ಷೆಯಲ್ಲಿ ಕನಿಕರ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಪ್ರಕರಣಗಳೇ ಸಾಕ್ಷಿ. ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣ ಅಲಿಯಾಸ್ ರಾಜು ಪ್ರಕರಣದಲ್ಲಿ, ಅಜಾಗರೂಕ ಚಾಲನೆಯಿಂದ ಒಂದು ಜೀವ ಹೋದದ್ದಕ್ಕೆ ವಿಚಾರಣಾ ನ್ಯಾಯಾಲಯ ವಿಧಿಸಿದ್ದು 250 ರೂಪಾಯಿ ದಂಡ. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಆರು ತಿಂಗಳ ಕಠಿಣ ಸಜೆ ಮತ್ತು ಸಾವಿರ ರೂಪಾಯಿ ದಂಡಕ್ಕೆ ಏರಿಸಬೇಕಾಯಿತು. 2000ದ ಕೃಷ್ಣಪ್ಪ ಪ್ರಕರಣ ಇನ್ನೂ ಕಟುವಾದುದು. ಎಳೆಯ ಬಾಲಕಿಯ ಮೇಲೆ ಅತ್ಯಾಚಾರ ಮಾಡಿದವನಿಗೆ ವಿಚಾರಣಾ ನ್ಯಾಯಾಲಯ ಹತ್ತು ವರ್ಷ ಕೊಟ್ಟಿತ್ತು. ಅವನು ಅನಕ್ಷರಸ್ಥ, ದುರ್ಬಲ ವರ್ಗದವನು, ಕುಡಿತದ ಚಟದವನು, ಸಂಸಾರಸ್ಥ ಎಂಬ ಕಾರಣಗಳಿಗೆ ಹೈಕೋರ್ಟ್ ಅದನ್ನು ನಾಲ್ಕು ವರ್ಷಕ್ಕಿಳಿಸಿತು. ಸುಪ್ರೀಂ ಕೋರ್ಟ್ ಹತ್ತನ್ನೇ ಮರುಸ್ಥಾಪಿಸಿ, ಆರೋಪಿಯ ಸಾಮಾಜಿಕ ಆರ್ಥಿಕ ಸ್ಥಿತಿ ಶಿಕ್ಷೆಯ ಪ್ರಮಾಣಕ್ಕೆ ಅಪ್ರಸ್ತುತ ಎಂದಿತು. ಬಡತನವನ್ನು ಒಮ್ಮೆ ಅಳತೆಗೋಲಾಗಿ ಒಳಗೆ ಬಿಟ್ಟುಕೊಂಡರೆ ಅದು ಎಲ್ಲಿ ನಿಲ್ಲುತ್ತದೆ ಎಂಬುದೇ ನನ್ನ ಆತಂಕ.

ಬಯಲುಸೀಮೆಯ ಮಗಳು:

ನಾನು ಇಂಥ ಒಂದು ತೀರ್ಪಿನ ಮತ್ತೊಂದು ತುದಿಯಲ್ಲಿ ನಿಂತವಳು. ಹೆದ್ದಾರಿಯ ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ನಮ್ಮ ಅಪ್ಪನ ಮೇಲೆ ಲಾರಿ ಹರಿಯಿತು. ಕೆಳಗಿನ ನ್ಯಾಯಾಲಯ ಚಾಲಕನಿಗೆ ಆರು ತಿಂಗಳ ಸಜೆ ಮತ್ತು ದಂಡ ವಿಧಿಸಿತು, ಮೇಲ್ಮನವಿಯಲ್ಲಿ ಸಜೆ ಹೋಗಿ ದಂಡ ಮಾತ್ರ ಉಳಿಯಿತು. ದಂಡದ ಹಣ ಕಟ್ಟುವ ದಿನ ನಾನೂ ಅಮ್ಮನೂ ಅಲ್ಲೇ ಇದ್ದೆವು. ಕಿಟಕಿಯ ಆಚೆ ಗುಮಾಸ್ತರು ನೋಟುಗಳನ್ನು ಬೆರಳು ಒದ್ದೆ ಮಾಡಿಕೊಂಡು ಎರಡು ಸಲ ಎಣಿಸಿ, ರಸೀದಿ ಪುಸ್ತಕದಲ್ಲಿ ಕಾರ್ಬನ್ ಹಾಳೆ ಸರಿಮಾಡಿ, ಮೊತ್ತ ಬರೆದು ಹರಿದುಕೊಟ್ಟರು. ಅಮ್ಮ ನನ್ನನ್ನು ಕೇಳಿದಳು, "ಆ ದುಡ್ಡು ಯಾರಿಗೆ ಹೋಗುತ್ತೆ?" ನಮ್ಮ ವಕೀಲರು ಸರ್ಕಾರಕ್ಕೆ ಎಂದರು. ಅಮ್ಮ ಮತ್ತೆ ಮಾತಾಡಲಿಲ್ಲ.

ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ವಿಮೆಯ ಪರಿಹಾರ ಮುಂದೆ ಬಂತು, ಅದು ಬೇರೆ ದಾರಿ. ಆದರೆ ಕ್ರಿಮಿನಲ್ ನ್ಯಾಯಾಲಯ ಅಪರಾಧಿಯಿಂದ ಪಡೆದ ಹಣವೆಂದರೆ ಅದು ನಮ್ಮ ಅಪ್ಪನ ಸಾವಿನ ಲೆಕ್ಕಕ್ಕೆ ಬಂದ ಹಣ. ಅದರಲ್ಲಿ ಒಂದು ರೂಪಾಯಿ ಅಮ್ಮನ ಕೈಗೆ ಬಂದಿದ್ದರೂ ಅವಳಿಗೆ ನ್ಯಾಯಾಲಯ ತನ್ನನ್ನು ಕಂಡಿತು ಎನಿಸುತ್ತಿತ್ತು. ಮೇಷ್ಟ್ರೇ, ತಪ್ಪು ತಿಳಿಯಬೇಡಿ, ನಿಮ್ಮ ವಿದ್ಯಾರ್ಥಿಯ ಕಥೆಯಲ್ಲಿ ನಾನು ಹುಡುಕಿದ್ದು ಆ ಹಂಡೆಯ ಒಡೆಯರನ್ನು. ಅವರಿಗೆ ಏನು ಸಿಕ್ಕಿತು?

ಹೊಳೆಸಾಲು ಮೇಷ್ಟ್ರು:

ತಂಗೀ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ನಾನು ಅದನ್ನು ಮೊದಲೇ ಬರೆಯಬೇಕಿತ್ತು. ಹಂಡೆ ಗುಜರಿ ಅಂಗಡಿಯಲ್ಲಿ ಸಿಕ್ಕಿ ಮುದ್ದೆಮಾಲಾಗಿ ಠಾಣೆಗೆ ಹೋಯಿತು, ಆಮೇಲೆ ಮನೆಯವರಿಗೆ ಮರಳಿತು. ಸಿಲಿಂಡರ್ ಸಿಗಲಿಲ್ಲ, ಮುರಿದ ಬಾಗಿಲಿನ ಖರ್ಚು ಅವರದೇ ಆಯಿತು. ಆದೇಶವನ್ನು ಮತ್ತೆ ಓದಿ ನೋಡಿದೆ: ಹದಿನೈದು ಸಾವಿರದಲ್ಲಿ ಅವರಿಗೆ ಇಷ್ಟು ಕೊಡತಕ್ಕದ್ದು ಎಂಬ ಸಾಲು ಎಲ್ಲೂ ಇಲ್ಲ.

ಸ್ಟುಟ್‌ಗಾರ್ಟ್ ಕನ್ನಡತಿ:

ಜರ್ಮನಿಯಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಇಲ್ಲಿಯ ಕ್ರಮವನ್ನು ಹೊಗಳುವುದಕ್ಕಾಗಿ ಬರೆಯುತ್ತಿಲ್ಲ, ಅಭಿಯೋಜಕರ ಆತಂಕಕ್ಕೆ ಅದರಲ್ಲಿ ಒಂದು ಉತ್ತರವಿದೆ ಎನಿಸಿದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿ 1975ರಿಂದ ದಂಡವನ್ನು ನೇರವಾಗಿ ಮೊತ್ತದಲ್ಲಿ ವಿಧಿಸುವುದಿಲ್ಲ, ದಿನಗಳಲ್ಲಿ ವಿಧಿಸುತ್ತಾರೆ. ಅಪರಾಧ ಎಷ್ಟು ಗಂಭೀರ ಎಂಬುದನ್ನು ನೋಡಿ ನ್ಯಾಯಾಧೀಶರು 5ರಿಂದ 360ರವರೆಗೆ ದಿನಗಳ ಸಂಖ್ಯೆಯನ್ನು ನಿಗದಿ ಮಾಡುತ್ತಾರೆ. ಆ ಹಂತದಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ. ಆಮೇಲೆ, ಬೇರೆಯಾಗಿ, ಆ ವ್ಯಕ್ತಿಯ ನಿವ್ವಳ ಆದಾಯವನ್ನು ನೋಡಿ ಒಂದು ದಿನದ ಬೆಲೆಯನ್ನು ನಿರ್ಧರಿಸುತ್ತಾರೆ, ಅದು 1 ಯೂರೋದಿಂದ 30,000 ಯೂರೋವರೆಗೆ ಇರಬಹುದು. ಒಂದೇ ತಪ್ಪಿಗೆ ಇಬ್ಬರಿಗೂ ಮೂವತ್ತು ದಿನ. ಒಬ್ಬನಿಗೆ ಅದು ಆರು ನೂರು ಯೂರೋ ಆದರೆ ಇನ್ನೊಬ್ಬನಿಗೆ ಆರು ಸಾವಿರ. ಕಟ್ಟದಿದ್ದರೆ ಇಲ್ಲೂ ಜೈಲೇ. ಹಿಂದೆ ಒಂದು ದಿನದ ದಂಡಕ್ಕೆ ಒಂದು ದಿನ ಜೈಲಿತ್ತು, ಹಾಗೆ ಒಳಗೆ ಹೋಗುವವರು ಬಡವರೇ ಎಂಬ ಟೀಕೆಯ ನಂತರ 2024ರ ಫೆಬ್ರವರಿಯಿಂದ ಎರಡು ದಿನದ ದಂಡಕ್ಕೆ ಒಂದು ದಿನ ಜೈಲು ಎಂದು ಬದಲಾಯಿಸಿದ್ದಾರೆ.

ಇದನ್ನು ಬರೆಯುವಾಗ ಮೇಷ್ಟ್ರ ಹುಡುಗನ ದಂಡವನ್ನೂ ಹೀಗೇ ದಿನಕ್ಕೆ ಭಾಗಿಸಿ ನೋಡಿದೆ. 10,000 ರೂಪಾಯಿಗೆ ಆರು ತಿಂಗಳು, 5,000ಕ್ಕೆ ಮೂರು ತಿಂಗಳು: ಎರಡರಲ್ಲೂ ಒಂದು ದಿನದ ಬೆಲೆ ಸುಮಾರು 55 ರೂಪಾಯಿ. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2024-25ರಲ್ಲೇ 349 ರೂಪಾಯಿ ಇತ್ತು. ಈಗ ಬೆಂಗಳೂರಿನ ವಿಶೇಷ ನ್ಯಾಯಾಲಯ 2014ರಲ್ಲಿ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನೆನಪಿಸಿಕೊಳ್ಳಿ. ಅವರಿಗೆ ನಾಲ್ಕು ವರ್ಷ ಸಜೆ, 100 ಕೋಟಿ ದಂಡ; ಉಳಿದ ಮೂವರಿಗೆ ನಾಲ್ಕು ವರ್ಷ, ತಲಾ 10 ಕೋಟಿ ದಂಡ, ಕಟ್ಟದಿದ್ದರೆ ಒಂದು ವರ್ಷ. ಹೈಕೋರ್ಟ್ ಖುಲಾಸೆ ಮಾಡಿದ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಆ ಮೂವರಲ್ಲಿ ಶಶಿಕಲಾ ಹತ್ತು ಕೋಟಿ ಕಟ್ಟಿ 2021ರ ಜನವರಿಯಲ್ಲಿ ಬಿಡುಗಡೆಯಾದರು. ಸುಧಾಕರನ್ ಕಟ್ಟಲಿಲ್ಲ, ಆ ಒಂದು ವರ್ಷವನ್ನೂ ಪರಪ್ಪನ ಅಗ್ರಹಾರದಲ್ಲಿ ಕಳೆದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊರಬಂದರು. ಅಲ್ಲಿ ಒಂದು ದಿನದ ಬೆಲೆ ಎರಡು ಲಕ್ಷ ಎಪ್ಪತ್ತು ಸಾವಿರ ರೂಪಾಯಿಗಿಂತ ಹೆಚ್ಚು. ಹತ್ತು ಕೋಟಿಗೆ ಒಂದು ವರ್ಷ, ಹದಿನೈದು ಸಾವಿರಕ್ಕೆ ಒಂಬತ್ತು ತಿಂಗಳು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಕರಿಕೋಟು:

ಸ್ಟುಟ್‌ಗಾರ್ಟಿನ ಸಹೋದರಿ ಮಾಡಿದ ಭಾಗಾಕಾರವನ್ನು ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಈಗ ಅಭಿಯೋಜಕರ ಮಾತಿಗೆ ಬರುತ್ತೇನೆ. ಅವರೊಡನೆ ನನಗೆ ಅರ್ಧದಷ್ಟು ಸಹಮತವಿದೆ. ಕೃಷ್ಣಪ್ಪ ಪ್ರಕರಣದಲ್ಲಿ ಹೈಕೋರ್ಟ್ ಮಾಡಿದ್ದು ತಪ್ಪು, ಬಡತನ ಸಜೆಯ ಅವಧಿಯನ್ನು ಕಡಿಮೆ ಮಾಡುವ ಕಾರಣವಾಗಬಾರದು. ಆದರೆ ದಂಡದ ಮೊತ್ತದ ಮಾತೇ ಬೇರೆ. ಜೈಲಿನ ಒಂದು ವರ್ಷ ಎಲ್ಲರಿಗೂ ಒಂದು ವರ್ಷವೇ, ಹತ್ತು ಸಾವಿರ ರೂಪಾಯಿ ಎಲ್ಲರಿಗೂ ಹತ್ತು ಸಾವಿರವಲ್ಲ. ಬಡವನ ದಂಡ ಕೊನೆಗೆ ಸಜೆಯಾಗಿ ಮಾರ್ಪಡುವುದರಿಂದ, ಅವನ ಸ್ಥಿತಿಯನ್ನು ನೋಡಬಾರದು ಎಂಬ ನಿಯಮವೇ ಅವನ ಸ್ಥಿತಿಗಾಗಿ ಅವನನ್ನು ಹೆಚ್ಚು ದಿನ ಒಳಗಿಡುತ್ತದೆ.

ಇದಕ್ಕೆ ಕಾನೂನಿನಲ್ಲಿ ಆಧಾರ ಇಲ್ಲವೆಂದಲ್ಲ. 1860ರ ದಂಡ ಸಂಹಿತೆಯ ಕಲಂ 63 ಹೇಳುವುದಿಷ್ಟು: ಮೊತ್ತವನ್ನು ನಮೂದಿಸದ ಕಡೆ ದಂಡಕ್ಕೆ ಮಿತಿ ಇಲ್ಲ, ಆದರೆ ಅದು ವಿಪರೀತವಾಗಿರಕೂಡದು. ಅದರ ಬದಲಿಗೆ ಬಂದ ಹೊಸ ನ್ಯಾಯ ಸಂಹಿತೆಯ ಕಲಂ 8ರಲ್ಲೂ ಅದೇ ವಾಕ್ಯವಿದೆ. ವಿಪರೀತ ಎಂದರೆ ಯಾರಿಗೆ ವಿಪರೀತ? ಕಟ್ಟುವವನಿಗೆ ತಾನೇ? ಮೇಲೆ ಹೇಳಿದ ಶಾಂತಿಲಾಲ್ ಪ್ರಕರಣದಲ್ಲಿ, ಮಾದಕ ವಸ್ತು ಕಾಯ್ದೆಯಡಿ ಹತ್ತು ವರ್ಷ ಸಜೆ ಮತ್ತು ಒಂದು ಲಕ್ಷ ದಂಡವಾದವನಿಗೆ, ದಂಡ ತಪ್ಪಿದ್ದಕ್ಕೆ ವಿಧಿಸಿದ್ದ ಮೂರು ವರ್ಷವನ್ನು ಸುಪ್ರೀಂ ಕೋರ್ಟ್ ಆರು ತಿಂಗಳಿಗೆ ಇಳಿಸಿತು. ದಂಡ ತಪ್ಪಿದ್ದಕ್ಕೆ ಅವಧಿ ನಿಗದಿ ಮಾಡುವಾಗ ಅಪರಾಧದ ಸ್ವರೂಪವನ್ನೂ ಅಪರಾಧಿಯ ಆರ್ಥಿಕ ಸ್ಥಿತಿಯನ್ನೂ ನೋಡಬೇಕು ಎಂಬುದು ಅಲ್ಲಿನ ನಿಲುವು. ಹೀಗಿದ್ದೂ ಕೆಳಗಿನ ನ್ಯಾಯಾಲಯಗಳಲ್ಲಿ ಇದು ಏಕೆ ಇಳಿದು ಬರುವುದಿಲ್ಲ ಎಂದರೆ, ಶಿಕ್ಷೆಯ ಪ್ರಮಾಣದ ವಿಚಾರಣೆ ಎಂಬುದು ಎರಡು ನಿಮಿಷದಲ್ಲಿ ಮುಗಿಯುತ್ತದೆ. "ಶಿಕ್ಷೆಯ ಬಗ್ಗೆ ಏನು ಹೇಳುತ್ತೀಯಪ್ಪ?" ಎಂದು ಕೇಳುತ್ತಾರೆ. ಕಟಕಟೆಯಲ್ಲಿ ನಿಂತವನು ಕೈ ಮುಗಿದು, ವಯಸ್ಸಾದ ತಾಯಿ ಇದ್ದಾಳೆ, ಮನೆಗೆ ನಾನೊಬ್ಬನೇ ದುಡಿಯುವವನು, ಕಡಿಮೆ ಶಿಕ್ಷೆ ಕೊಡಿ ಸ್ವಾಮಿ ಎನ್ನುತ್ತಾನೆ. ನಾವು ವಕೀಲರು ಎದ್ದು ನಿಂತು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತೇವೆ. ತಿಂಗಳಿಗೆ ಎಷ್ಟು ದುಡಿಯುತ್ತಿದ್ದ, ಎಷ್ಟು ಸಾಲವಿದೆ, ಜೈಲಿಗೆ ಹೋದ ಮೇಲೆ ಆ ದುಡಿಮೆಯೂ ನಿಂತಿತಲ್ಲ ಎಂಬುದನ್ನು ಯಾರೂ ಕೇಳುವುದಿಲ್ಲ, ಯಾರೂ ಬರೆದುಕೊಡುವುದಿಲ್ಲ. ಈ ಲೋಪದಲ್ಲಿ ನನ್ನ ಪಾಲೂ ಇದೆ.

ಆದಾಯದ ದಾಖಲೆ ಎಲ್ಲಿಂದ ತರುವುದು ಎಂದು ಕೇಳುವವರಿಗೆ ಒಂದು ಮಾತು. 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದ ನಂತರ ಜೀವನಾಂಶದ ಪ್ರತಿಯೊಂದು ಅರ್ಜಿಯಲ್ಲೂ ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕಾಗಿದೆ, ಕೂಲಿಕಾರರೂ ಸಲ್ಲಿಸುತ್ತಿದ್ದಾರೆ. ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯ ಎನ್ನಲು ಕಾರಣವಿಲ್ಲ.

ಬಯಲುಸೀಮೆಯ ತಂಗಿ ಕೇಳಿದ್ದಕ್ಕೂ ಕಾನೂನು ಇದೆ. ವಸೂಲಾದ ದಂಡದಿಂದ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 357ರಲ್ಲಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 395ರಲ್ಲಿದೆ. ಈ ಅಧಿಕಾರವನ್ನು ಬಳಸಬೇಕೇ ಬೇಡವೇ ಎಂದು ಪ್ರತಿ ಪ್ರಕರಣದಲ್ಲೂ ಯೋಚಿಸಿ ಕಾರಣ ದಾಖಲಿಸುವುದು ನ್ಯಾಯಾಲಯದ ಕರ್ತವ್ಯ ಎಂದು 2013ರಲ್ಲಿ ಅಂಕುಶ್ ಶಿವಾಜಿ ಗಾಯಕವಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ದಿನ ನಿಮ್ಮ ತಾಯಿಯ ಪರವಾಗಿ ಒಂದು ಪುಟದ ಅರ್ಜಿ ಯಾರಾದರೂ ಹಾಕಿದ್ದರೆ ಅವರ ಪ್ರಶ್ನೆಗೆ ಬೇರೆ ಉತ್ತರ ಸಿಗಬಹುದಿತ್ತು.

ಕಾನೂನು ವಿದ್ಯಾರ್ಥಿನಿ, ಧಾರವಾಡ:

ಹೊಸ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆಯಾಗಿ ಬಂದಿದೆಯಲ್ಲವೇ? ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳವಿಗೆ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ, ಸಮುದಾಯ ಸೇವೆ ಎಂದು ತರಗತಿಯಲ್ಲಿ ಓದಿದ್ದೇವೆ. ಮೇಷ್ಟ್ರ ವಿದ್ಯಾರ್ಥಿಯಂಥವರಿಗೆ ಇನ್ನು ಮುಂದೆ ಅದು ಸಿಗುವುದಿಲ್ಲವೇ? ಹಾಗೆಯೇ, ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗಾಗಿ ನೇಮಿಸಿದ್ದ ಮಳಿಮಠ ಸಮಿತಿಯ ವರದಿಯನ್ನು ಪ್ರಬಂಧಕ್ಕಾಗಿ ಓದುತ್ತಿದ್ದೇನೆ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳಿಮಠರು 2003ರಲ್ಲೇ, ಶಿಕ್ಷೆಯ ಪ್ರಮಾಣಕ್ಕೆ ಮಾರ್ಗಸೂಚಿ ರೂಪಿಸಲು ಶಾಸನಬದ್ಧ ಸಮಿತಿ ಬೇಕೆಂದೂ, ದಂಡ ಕಟ್ಟಲಾಗದವರಿಗೆ ಸಜೆಯ ಬದಲು ಸಮುದಾಯ ಸೇವೆ ಇರುವುದು ಒಳ್ಳೆಯದೆಂದೂ ಶಿಫಾರಸು ಮಾಡಿದ್ದರು.

ಕರಿಕೋಟು:

ಸಿಗುವುದಿಲ್ಲಮ್ಮ. ಆ ಸೌಲಭ್ಯ ಸಾಮಾನ್ಯ ಕಳವಿನ ಕಲಂ 303ಕ್ಕೆ ಮಾತ್ರ. ಮನೆಯೊಳಗಿನ ಕಳವು, ರಾತ್ರಿ ಮನೆಗನ್ನ ಇವೆಲ್ಲ ಬೇರೆ ಕಲಂಗಳು. ಮಳಿಮಠರು ಹೇಳಿದ್ದ ಜಾಗಕ್ಕೆ, ಅಂದರೆ ದಂಡ ತಪ್ಪಿದ ಸಜೆಯ ಜಾಗಕ್ಕೆ, ಸಮುದಾಯ ಸೇವೆ ಬಹುಮಟ್ಟಿಗೆ ಬರಲೇ ಇಲ್ಲ. ಬಂದದ್ದು ಇನ್ನೊಂದು: ದಂಡವಷ್ಟೇ ಇರುವ ಅಪರಾಧಗಳಲ್ಲಿ ಹಳೆಯ ಕಾಯ್ದೆ, 50 ರೂಪಾಯಿವರೆಗಿನ ದಂಡ ತಪ್ಪಿದರೆ ಹೆಚ್ಚೆಂದರೆ ಎರಡು ತಿಂಗಳ ಸಜೆ, 100ರವರೆಗೆ ನಾಲ್ಕು ತಿಂಗಳು, ಅದರ ಮೇಲೆ ಎಷ್ಟಾದರೂ ಆರು ತಿಂಗಳು ಎಂದಿತ್ತು. ಹೊಸದರಲ್ಲಿ ಆ ಮೊತ್ತಗಳು 5,000 ಮತ್ತು 10,000 ಆದವು, ಅದು ಒಳ್ಳೆಯದೇ. ಆದರೆ ಅದರ ಮೇಲಿನ ಆರು ತಿಂಗಳು ಒಂದು ವರ್ಷವಾಯಿತು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ವಿಧಿಸಬಹುದಾದ ದಂಡದ ಮಿತಿಯೂ 10,000ದಿಂದ 50,000ಕ್ಕೆ ಏರಿದೆ. ಮೇಷ್ಟ್ರು ತಂದಂಥ ಆದೇಶಗಳು ಇನ್ನು ಮುಂದೆ ಹೆಚ್ಚು ಭಾರವಾಗಿಯೇ ಬರಲಿವೆ ಎಂಬ ಚಿಂತೆ ನನಗಿದೆ.

ನಿವೃತ್ತ ಅಭಿಯೋಜಕ:

ದಿನಕ್ಕೆ 55 ರೂಪಾಯಿ ಎಂಬ ಲೆಕ್ಕವನ್ನು ನಾನೂ ಕಾಗದದ ಮೇಲೆ ಮಾಡಿ ನೋಡಿದೆ. ದಂಡ ತಪ್ಪಿದರೆ ಸಜೆ ಇರಬೇಕು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಆ ಅವಧಿಯನ್ನು ಕೇಳುವಾಗ ಅಭಿಯೋಜಕನಾದವನು ಆರೋಪಿಯ ದಿನಗೂಲಿ ಎಷ್ಟು ಎಂದು ಕೇಳಿಕೊಳ್ಳಬೇಕಿತ್ತು ಎಂಬುದನ್ನು ಒಪ್ಪುತ್ತೇನೆ. ಮೇಷ್ಟ್ರಿಗೆ ಉಪಯೋಗವಾಗುವ ಒಂದು ವಿಷಯ: ದಂಡ ಕಟ್ಟಲಾಗದ ಬಡ ಕೈದಿಗಳಿಗೆ 25,000 ರೂಪಾಯಿವರೆಗೆ ನೆರವು ನೀಡುವ ಕೇಂದ್ರ ಸರ್ಕಾರದ ಯೋಜನೆ 2023ರಲ್ಲಿ ಬಂದಿದೆ. ಜಿಲ್ಲಾ ಮಟ್ಟದ ಸಮಿತಿ ಅದನ್ನು ತೀರ್ಮಾನಿಸುತ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗಳೂ ಅದರಲ್ಲಿರುತ್ತಾರೆ. ಭ್ರಷ್ಟಾಚಾರ, ಮಾದಕ ವಸ್ತು ಮುಂತಾದ ಕೆಲವು ಕಾಯ್ದೆಗಳ ಕೈದಿಗಳಿಗೆ ಅದು ಇಲ್ಲ, ಕಳವಿನ ಪ್ರಕರಣಕ್ಕೆ ಅಡ್ಡಿಯಿಲ್ಲ. ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ದಂಡದ ಭಾಗದ ಮೇಲಷ್ಟೇ ಮೇಲ್ಮನವಿ ಹಾಕಿ ವಿಳಂಬ ಮನ್ನಿಸಲು ಕೋರಬಹುದು. ಎರಡನ್ನೂ ಒಟ್ಟಿಗೇ ಮಾಡಿ.

ಹೊಳೆಸಾಲು ಮೇಷ್ಟ್ರು:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಅವನ ಅಕ್ಕನನ್ನು ಕರೆದುಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದೆ. ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೂರಿಸಿ ವಿಚಾರಿಸಿದರು, ಅರ್ಜಿ ತೆಗೆದುಕೊಂಡರು. ಕುಟುಂಬದ ಆದಾಯ ಎಂಬಲ್ಲಿ ಏನು ಬರೆಯಲಿ ಎಂದು ಅವಳು ನನ್ನನ್ನು ಕೇಳಿದಾಗ, ತೀರ್ಪಿಗೂ ಮುಂಚೆ ಈ ಒಂದು ಪ್ರಶ್ನೆಯನ್ನು ಅವಳಿಗೆ ಯಾರಾದರೂ ಕೇಳಿದ್ದರೆ ಎಂದು ನನಗೆ ಗಂಟಲು ಕಟ್ಟಿತು. ಅಡಿಕೆ ಸುಲಿಯುವ ಕಾಲದಲ್ಲಿ ಇಷ್ಟು, ಉಳಿದ ತಿಂಗಳುಗಳಲ್ಲಿ ಇಷ್ಟು ಎಂದು ಲೆಕ್ಕ ಹಾಕಿ ಅವಳೇ ಬರೆದಳು.

ನಾಲ್ಕು ಸಾವಿರವನ್ನು ಕಟ್ಟುವುದೋ ಸಮಿತಿಯ ತೀರ್ಮಾನಕ್ಕೆ ಕಾಯುವುದೋ ಎಂದು ಕೇಳಿದ್ದಕ್ಕೆ, ಸಮಿತಿ ಸೇರುವ ದಿನ ಗೊತ್ತಿಲ್ಲ ಎಂದರು. ಅವಳು ಕಾಯುವುದಿಲ್ಲ ಎಂದಳು. ಸೋಮವಾರ ನ್ಯಾಯಾಲಯದಲ್ಲಿ ಚಲನ್ ತುಂಬಿಸಿ ಕಟ್ಟುತ್ತೇವೆ, ಕರಿಕೋಟು ಅವರು ಹೇಳಿದಂತೆ ಪತ್ರ ಕಾರಾಗೃಹ ತಲುಪುವವರೆಗೂ ಅಲ್ಲೇ ಇರುತ್ತೇನೆ. ಹಂಡೆಯ ಮನೆಯವರನ್ನೂ ದಾರಿಯಲ್ಲಿ ಕಂಡು ಮಾತಾಡಿದೆ. ಬಾಗಿಲಿಗೆ ಅವರಿಗೆ ಆದ ಖರ್ಚು ಎರಡು ಸಾವಿರದ ಎಂಟು ನೂರು. ಅದನ್ನು ಆದೇಶದಲ್ಲಿ ಸೇರಿಸಬೇಕೆಂದು ಮೇಲ್ಮನವಿಯಲ್ಲಿ ನಾವೇ ಕೇಳಬಹುದೇ, ಅಥವಾ ಅವರೇ ಅರ್ಜಿ ಹಾಕಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ಸೋಮವಾರದೊಳಗೆ ತಿಳಿಸಿ.